ಹೊಸ ಟೈರ್ ಕೇಳಿದರೆ ಮೊದಲು ಹಳೆ ಟೈರ್ ನೋಡುವ ಅಂಗಡಿ

ಲಾರಿ ಇಟ್ಟುಕೊಂಡವರಿಗೆ ಡೀಸೆಲ್ ಬಿಟ್ಟರೆ ಕೈ ಕಚ್ಚುವ ಖರ್ಚು ಟೈರ್‌ನದು. ನಮ್ಮದು ಹತ್ತು ಚಕ್ರದ ಗಾಡಿ. ದಾವಣಗೆರೆಯಿಂದ ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್ ಕೋಳಿ ಫಾರಂಗಳಿಗೆ ಹೋಗುತ್ತದೆ. ದಾವಣಗೆರೆ ಹೊರಗೆ ಹೆದ್ದಾರಿ ಸರ್ವಿಸ್ ರಸ್ತೆಯಲ್ಲಿರುವ ಈ ಅಂಗಡಿಗೆ ನಾವು ಕಾಯಂ ಗಿರಾಕಿಗಳು. ರೇಟು ಇಲ್ಲಿ ತೀರಾ ಕಮ್ಮಿ ಏನಿಲ್ಲ. ಆದರೂ ಇಲ್ಲಿಗೇ ಹೋಗುತ್ತೇವೆ, ಯಾಕಂದರೆ ಹಳೆ ಟೈರ್ ಯಾಕೆ ಸವೆಯಿತು ಅಂತ ನೋಡದೆ ಇವರು ಹೊಸದು ಕೊಡುವುದಿಲ್ಲ.

ಈ ಸಲ ಮುಂದಿನ ಜೋಡಿ ಬದಲಿಸೋಣ ಅಂತ ಹೋಗಿದ್ದೆ. ಮಾಲೀಕರು ಬಗ್ಗಿ ಟೈರ್ ಮೇಲೆ ಅಂಗೈ ಇಟ್ಟು ಒಳಗಿನಿಂದ ಹೊರಗೆ ಸವರಿದರು, ಆಮೇಲೆ ಹೊರಗಿನಿಂದ ಒಳಗೆ. ನನ್ನ ಕೈಯನ್ನೂ ಹಿಡಿದು ಹಾಗೇ ಮಾಡಿಸಿದರು. ಒಂದು ಕಡೆಗೆ ನುಣ್ಣಗೆ ಜಾರುತ್ತದೆ, ವಾಪಸ್ ಬರುವಾಗ ಅಂಚುಗಳು ಗರಗಸದ ಹಲ್ಲಿನ ಹಾಗೆ ತಾಗುತ್ತವೆ. "ಟೋ ಹೋಗಿದೆ ಅಣ್ಣಾ, ಹೊಸದು ಹಾಕಿದರೂ ಇದೇ ಗತಿ, ಮೊದಲು ಅಲೈನ್‌ಮೆಂಟ್ ಮಾಡಿಸಿ" ಅಂದರು. ಟೋ ಅಂದರೆ ಮುಂದಿನ ಚಕ್ರಗಳು ಒಳಗೋ ಹೊರಗೋ ತಿರುಗಿ ನಿಂತಿರುವ ಕೋನ, ಅದನ್ನು ಸರಿಮಾಡುವುದೇ ಅಲೈನ್‌ಮೆಂಟ್. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ, ನಡುವೆ ಸವೆದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಗುಂಡಿ ಬಿದ್ದಂತೆ ಸವೆದಿದ್ದರೆ ಬೇರಿಂಗೋ ಸಸ್ಪೆನ್ಷನ್ನೋ ನೋಡಬೇಕು. ಇದನ್ನೆಲ್ಲ ಗಿರಾಕಿಗೆ ತಾಳ್ಮೆಯಿಂದ ತೋರಿಸುವ ಅಂಗಡಿ ಎಷ್ಟಿವೆ ಹೇಳಿ?

ಹಿಂದಿನ ಎರಡು ಆಕ್ಸಲ್, ಎಂಟು ಟೈರ್ ಇರುವ ಹೌಸಿಂಗ್‌ಗೆ ಟೈರ್ ಆರಿಸಿದ್ದೂ ಇಲ್ಲೇ. ಎಲ್ಲರೂ ಬಟನ್ (ರಸ್ತೆಗೆ ತಾಗುವ ರಬ್ಬರ್ ಕಟ್ಟೆ) ಎಷ್ಟು ಆಳ ಇದೆ ಅಂತ ನೋಡುತ್ತಾರೆ, ಇವರು ಟೈರ್‌ನ ಪಕ್ಕದ ಮೇಲಿನ ನಂಬರ್ ತೋರಿಸಿದರು. 10.00 ಆರ್ 20 ಸೈಜಿನ 16 ಪ್ಲೈ (ಪ್ಲೈ ಅಂದರೆ ಟೈರ್‌ನ ಗಟ್ಟಿತನದ ಅಳತೆ) ಟೈರ್ ಮೇಲೆ 146/143 ಅಂತ ಇರುತ್ತದೆ. ಒಂಟಿಯಾಗಿ ಹಾಕಿದರೆ 3000 ಕೆಜಿ, ಜೋಡಿಯಲ್ಲಿ ತಲಾ 2725 ಕೆಜಿ ಹೊರುತ್ತದೆ ಅಂತ ಅದರ ಅರ್ಥ. ಎಂಟು ಟೈರ್‌ಗೆ 21,800 ಕೆಜಿ ಆಯ್ತು. 2018ರಲ್ಲಿ ಹಿಂದಿನ ಎರಡು ಆಕ್ಸಲ್‌ಗೆ ಸೇರಿ ಮಿತಿಯನ್ನು 19 ಟನ್‌ನಿಂದ 21ಕ್ಕೆ ಏರಿಸಿದ್ದಾರಲ್ಲ, ಅಂದರೆ ಕಾನೂನು ಪ್ರಕಾರವೇ ತುಂಬಿದರೂ ಒಂದು ಟೈರ್‌ಗೆ ಉಳಿಯುವುದು 100 ಕೆಜಿ ಅಷ್ಟೇ. ಜೋಡಿಯಲ್ಲಿ ಒಂದಕ್ಕೆ ಗಾಳಿ ಇಳಿದರೆ ಅದರ ಭಾರವೂ ಪಕ್ಕದ್ದಕ್ಕೇ. ಅದಕ್ಕೇ 18 ಪ್ಲೈ ಹಾಕಿಸಿ ಅಂದರು, 149/146, ಜೋಡಿಯಲ್ಲಿ ತಲಾ 3000. ರೇಟು ಸ್ವಲ್ಪ ಜಾಸ್ತಿ ಆಯ್ತು, ಆದರೆ ಕೊಟ್ಟ ದುಡ್ಡಿಗೆ ಬೇಜಾರಿಲ್ಲ.

ಹಾಕಿಸಿದ್ದು ಜೆಕೆ ಕಂಪನಿಯ ರೇಡಿಯಲ್, ಅಂದರೆ ಒಳಗೆ ಸ್ಟೀಲ್ ತಂತಿ ಇರುವ ಟೈರ್. (ಮೈಸೂರಿನ ಜೆಕೆ ಫ್ಯಾಕ್ಟರಿ ಮೊದಲು ನಮ್ಮ ವಿಕ್ರಾಂತ್ ಟೈರ್ಸ್ ಆಗಿತ್ತು, 1997ರಲ್ಲಿ ಜೆಕೆ ಕೈಗೆ ಹೋಯಿತು.) ಹಳೆ ಮಾದರಿಯ ನೈಲಾನ್ ಟೈರ್‌ಗಿಂತ ಬಿಸಿ ಆಗುವುದು ಕಮ್ಮಿ, ಸವೆತವೂ ಸಮನಾಗಿದೆ. ಒಂದು ವಿಷಯ ಮಾತ್ರ ಡ್ರೈವರ್‌ಗಳಿಗೆ ಬಿಡಿಸಿ ಹೇಳಬೇಕು. ರೇಡಿಯಲ್‌ನ ಪಕ್ಕ ಯಾವಾಗಲೂ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ, ಕಣ್ಣಳತೆಯಲ್ಲಿ ಗಾಳಿ ಗೊತ್ತಾಗುವುದಿಲ್ಲ, ರಾಡಿನಿಂದ ಬಡಿದರೂ ಅಷ್ಟೇ. ಗೇಜ್ ಹಿಡಿಯಲೇಬೇಕು, ಅದೂ ಬೆಳಗ್ಗೆ ಟೈರ್ ತಣ್ಣಗಿರುವಾಗ. ಓಡಿ ಬಿಸಿಯಾದ ಟೈರ್‌ನಲ್ಲಿ ಜಾಸ್ತಿ ತೋರಿಸುತ್ತದೆ ಅಂತ ಗಾಳಿ ಬಿಟ್ಟರೆ ಕೆಟ್ಟಿತು. ಒಳ ಟೈರ್‌ಗೆ ಕೈ ಹೋಗಲ್ಲ ಅಂತ ಸುಮ್ನೆ ಬಿಡುವವರೇ ಜಾಸ್ತಿ, ಅಲ್ವಾ? ಇವರು ಒಳಗಿನದಕ್ಕೆ ಉದ್ದ ವಾಲ್ವ್ ಹಾಕಿಕೊಟ್ಟರು.

ಲಾರಿ ಟೈರ್‌ನಲ್ಲಿ ನಿಜವಾದ ಮೈಲೇಜ್ ಬರುವುದು ಕೇಸಿಂಗ್, ಅಂದರೆ ಬಟನ್ ಕೆಳಗಿನ ಟೈರ್ ಒಡಲು, ಉಳಿಸಿಕೊಂಡರೆ. ಬಟನ್ ಆಳ 1.6 ಮಿ.ಮೀ. ಆಗುವ ತನಕ ಕಾನೂನು ಬಿಡುತ್ತದೆ. ಆದರೆ ರೀಟ್ರೇಡ್ (ಹಳೆ ಕೇಸಿಂಗ್ ಮೇಲೆ ಹೊಸ ರಬ್ಬರ್ ಕೂರಿಸುವುದು) ಮಾಡಿಸುವ ಯೋಚನೆ ಇದ್ದರೆ 3 ಮಿ.ಮೀ. ಉಳಿದಿರುವಾಗಲೇ ಇಳಿಸಿಬಿಡಿ. ಪೂರ್ತಿ ಸವೆಸಿದರೆ ಕಲ್ಲು, ಮೊಳೆ ಒಳಗಿನ ಸ್ಟೀಲ್ ತನಕ ಹೋಗುತ್ತದೆ, ನೀರು ಸೇರಿ ತುಕ್ಕು ಹಿಡಿಯುತ್ತದೆ, ಆಮೇಲೆ ಕೇಸಿಂಗ್ ಗುಜರಿಗೆ. ಧರ್ಮಪುರಿ ದಾಟಿ ತೊಪ್ಪೂರು ಘಾಟಿ ಇಳಿಯುವಾಗ ಬರೀ ಬ್ರೇಕ್ ಮೇಲೆ ಇಳಿದರೂ ಹಾಳು, ಡ್ರಮ್ಮಿನ ಬಿಸಿಗೆ ಬೀಡ್ (ರಿಮ್‌ಗೆ ಕೂರುವ ಟೈರ್ ಅಂಚು) ಸುಟ್ಟು ಸೀಳುತ್ತದೆ. ಸಣ್ಣ ಗೇರ್‌ನಲ್ಲಿ ಇಳಿಸಿದರೆ ಪ್ರಾಣವೂ ಉಳಿಯುತ್ತದೆ, ಟೈರೂ ಉಳಿಯುತ್ತದೆ. ರೀಟ್ರೇಡ್ ಆಗಿ ಬಂದದ್ದನ್ನು ಇವರು ಹಿಂದಕ್ಕೆ ಮಾತ್ರ ಹಾಕುತ್ತಾರೆ, ಎಷ್ಟು ಕೇಳಿದರೂ ಮುಂದಕ್ಕೆ ಹಾಕುವುದಿಲ್ಲ. ಜೋಡಿಗೆ ಕೂರಿಸುವ ಮೊದಲು ಎರಡೂ ಟೈರ್‌ಗಳ ಎತ್ತರ ಅಳೆಯುತ್ತಾರೆ. ಒಂದು ದೊಡ್ಡದು ಒಂದು ಸಣ್ಣದು ಆದರೆ ದೊಡ್ಡದಕ್ಕೆ ಭಾರ ಬೀಳುತ್ತದೆ, ಸಣ್ಣದು ರಸ್ತೆಗೆ ಉಜ್ಜಿಕೊಂಡು ಸವೆಯುತ್ತದೆ.

ಬಿಲ್ ಕಡ್ಡಾಯವಾಗಿ ತಗೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಬಿಲ್ ಇಲ್ಲದೆ ಕಮ್ಮಿಗೆ ಕೊಡುತ್ತೇವೆ ಅನ್ನುವವರ ಮಾತಿಗೆ ಬೀಳಬೇಡಿ. ಇಲ್ಲಿ ಪ್ರತಿ ಟೈರ್‌ನ ನಂಬರ್ ಬಿಲ್ಲಿನಲ್ಲಿ ಬರೆದು ಕೊಡುತ್ತಾರೆ. ನಾಳೆ ಕ್ಲೇಮ್ ಕೇಳಲಿಕ್ಕೂ ಅದು ಬೇಕು, ರೀಟ್ರೇಡ್‌ಗೆ ಕೊಟ್ಟಾಗ ನಮ್ಮ ಕೇಸಿಂಗ್ ಅದಲು ಬದಲಾಗದಿರಲಿಕ್ಕೂ ಬೇಕು. ತಯಾರಾದ ತಾರೀಖು ಓದುವುದನ್ನೂ ಕಲಿಯಿರಿ, ಟೈರ್ ಪಕ್ಕದ ಮೇಲಿರುವ ತಯಾರಿ ಕೋಡ್‌ನ ಕೊನೆಯ ನಾಲ್ಕು ಅಂಕಿ 2325 ಇದ್ದರೆ 2025ರ 23ನೇ ವಾರದ್ದು.

ಕೊರತೆ ಅಂದರೆ ಅಲೈನ್‌ಮೆಂಟ್ ಮಷೀನ್ ಒಂದೇ ಇದೆ, ಮಧ್ಯಾಹ್ನ ಹೋದರೆ ಕಾಯಬೇಕು. ಸಾಲವೂ ಕೊಡುವುದಿಲ್ಲ. ಬೆಳಗ್ಗೆ ಬೇಗ ಹೋಗಿ, ಖಾಲಿ ಗಾಡಿ ತಗೊಂಡು ಹೋಗಿ. ಲೋಡ್ ಗಾಡಿಗೆ ಇವರು ಅಲೈನ್‌ಮೆಂಟ್ ಮಾಡುವುದಿಲ್ಲ.