ಹಣ್ಣಿನ ಪೈ: ತಳ ಮೊದಲೇ ಬೇಯಿಸುವುದೋ, ಕಾದ ಟ್ರೇ ಮೇಲಿಡುವುದೋ?

ಪೈ ತಳ ಮೆತ್ತಗಾಗುವುದೇಕೆ? ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಹಣ್ಣಿನ ರಸ ಅದರೊಳಗೆ ಇಳಿದುಬಿಡುತ್ತದೆ.

ತಳವನ್ನು ಮೊದಲೇ ಬೇಯಿಸುವುದು ಹೆಚ್ಚು ಖಚಿತವಾದ ದಾರಿ. ಹಿಟ್ಟಿನ ಮೇಲೆ ಬೇಕಿಂಗ್ ಪೇಪರ್ ಹಾಸಿ, ಭಾರಕ್ಕೆಂದು ಒಣಕಾಳು ತುಂಬಿ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 15–20 ನಿಮಿಷ ಬೇಯಿಸಿ. ಕಾಳು ತೆಗೆದು ಇನ್ನೈದು ನಿಮಿಷ. ಬಿಸಿಯಿರುವಾಗಲೇ ಮೊಟ್ಟೆಯ ಬಿಳಿ ಸವರಿದರೆ ರಸಕ್ಕೊಂದು ತಡೆ. ಆದರೆ ಮೇಲೂ ಹಿಟ್ಟು ಮುಚ್ಚುವ ಪೈಗೆ ಇದು ಒಗ್ಗದು: ಬೆಂದ ಅಂಚಿಗೆ ಹಸಿ ಹಿಟ್ಟು ಸರಿಯಾಗಿ ಅಂಟುವುದಿಲ್ಲ.

ಅಲ್ಲಿ ಕಾದ ಟ್ರೇಯೇ ಸರಿ. ಒವನ್‌ನ ಕೆಳಹಂತದಲ್ಲಿ ದಪ್ಪ ಟ್ರೇ ಇಟ್ಟು 220 ಡಿಗ್ರಿಗೆ ಚೆನ್ನಾಗಿ ಕಾಯಿಸಿ, ಪೈಯನ್ನು ನೇರ ಅದರ ಮೇಲಿಡಿ. 20 ನಿಮಿಷದ ನಂತರ 190ಕ್ಕೆ ಇಳಿಸಿ. ಪಾತ್ರೆ ಲೋಹದ್ದೇ ಇರಲಿ. ಪಿಂಗಾಣಿ ಕಾಯುವುದು ನಿಧಾನ. ತಣ್ಣಗಿನ ಗಾಜು ಕಾದ ಟ್ರೇಗೆ ತಾಗಿದರೆ ಒಡೆಯಬಹುದು, ದಯವಿಟ್ಟು ಆ ಸಾಹಸ ಬೇಡ.

ಬೆರಿ ಹಣ್ಣುಗಳ ತೆರೆದ ಪೈಗೆ ಮೊದಲನೆಯದು, ಮುಚ್ಚಿದ ಸೇಬಿನ ಪೈಗೆ ಎರಡನೆಯದು ನನ್ನ ಆಯ್ಕೆ. ಸೇಬಿನ ಹೋಳುಗಳನ್ನು ಸಕ್ಕರೆಯಲ್ಲಿ ಅರ್ಧ ಗಂಟೆ ಬಿಟ್ಟು, ಒಸರಿದ ರಸವನ್ನು ಕುದಿಸಿ ಗಟ್ಟಿಮಾಡಿ, ತಣಿಸಿಯೇ ತುಂಬುತ್ತೇನೆ.