ನಾನಾ ಪೇಠೆಯ ಮೀಟರ್ ಲೆಕ್ಕದ ಹೀಟರ್ ಹೋಸ್: ಕಾರ್ಬುರೇಟರ್ ಬದಲಿಸಿದ ಜಿಪ್ಸಿಗೆ ಯಾವುದು ಸರಿ?

ಪುಣೆಯ ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹೀಟರ್ ಪೈಪ್ (ಇಂಜಿನ್ ತಣಿಸುವ ದ್ರವವಾದ ಕೂಲಂಟನ್ನು ಹೀಟರ್‌ಗೆ ಒಯ್ಯುವ ಹೋಸ್) ಕೇಳಿದರೆ ಮೂರು ಬಗೆಯ ಮಾಲು ಮುಂದೆ ಬರುತ್ತದೆ: ಒಳಗೆ ನೂಲಿನ ಹೆಣಿಗೆ ಇರುವ ಕಪ್ಪು ಇಪಿಡಿಎಂ (ಬಿಸಿ ತಾಳುವ ಒಂದು ಕೃತಕ ರಬ್ಬರ್) ಹೋಸ್, ನೀಲಿ ಸಿಲಿಕಾನ್ ಹೋಸ್, ಮೈಮೇಲೆ ಏನೂ ಅಚ್ಚಾಗಿರದ ಅಗ್ಗದ ರಬ್ಬರ್. ಹಳೇ ಮಾರುತಿ ಜಿಪ್ಸಿಯ 1298 ಸಿಸಿ ಇಂಜಿನ್‌ಗೆ ವೆಬರ್ 32/36 ಕಾರ್ಬುರೇಟರ್ ಕೂರಿಸಿದವರು ಕಣ್ಣು ಮುಚ್ಚಿ ಮೊದಲನೆಯದನ್ನು ತೆಗೆದುಕೊಳ್ಳಬಹುದು. ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಳೆದಿದ್ದು ಪೆಟ್ರೋಲ್ ಬಿದ್ದರೆ ಅದು ಉಬ್ಬಿ ಮೆತ್ತಗಾಗುತ್ತದೆ ಎಂಬ ಕಾರಣಕ್ಕೆ.

ಸಿಲಿಕಾನ್ ನೋಡಲು ಚೆಂದ, ಬಿಸಿಯನ್ನೂ ಹೆಚ್ಚು ತಾಳುತ್ತದೆ. ಆದರೆ ಬೆಲೆ ಹಲವು ಪಟ್ಟು. ಸಾಮಾನ್ಯ ತೂತಿನ ಪಟ್ಟಿಯ ಕ್ಲಿಪ್ ಬಿಗಿದರೆ ಪಟ್ಟಿಯ ಸೀಳುಗಳೇ ಅದನ್ನು ಕೊರೆಯುತ್ತವೆ, ಒಳಪಟ್ಟಿ ಇರುವ ಕ್ಲಿಪ್ಪೇ ಬೇಕು. ಪೆಟ್ರೋಲ್ ಇದಕ್ಕೂ ಆಗದು. ಅಚ್ಚಿಲ್ಲದ ರಬ್ಬರನ್ನು ಮುಟ್ಟಲೇಬೇಡಿ. ತುದಿ ಕತ್ತರಿಸಿ ನೋಡಿದಾಗ ಗೋಡೆಯೊಳಗೆ ನೂಲು ಕಾಣದಿದ್ದರೆ ಅದು ಒತ್ತಡ ತಡೆಯುವ ಮಾಲಲ್ಲ.

ಹೀಟರ್ ಲೈನ್ ಬೇರೆ ದಾರಿಯಲ್ಲಿ ಎಳೆಯಲೇಬೇಕು, ಯಾಕೆಂದರೆ ಅಡಾಪ್ಟರ್ ಪ್ಲೇಟ್ ಮೇಲೆ ಕೂತ ವೆಬರ್ ಎತ್ತರವಾಗುತ್ತದೆ, ಥ್ರಾಟಲ್ ಲಿವರ್‌ನ (ಆ್ಯಕ್ಸಿಲರೇಟರ್ ಒತ್ತಿದಾಗ ತಿರುಗುವ ಲಿವರ್) ಜಾಗವೂ ಬದಲಾಗುತ್ತದೆ. ಹಳೇ ಹೋಸನ್ನು ಹಾಗೇ ಬಿಟ್ಟರೆ ಲಿವರ್‌ಗೆ ಉಜ್ಜುತ್ತದೆ. ಹೋಸ್ ತೂತಾದರೆ ಕೂಲಂಟ್ ಹೋಗುತ್ತದೆ, ಅಷ್ಟೇ. ಲಿವರ್ ಸಿಕ್ಕಿಕೊಂಡು ಘಾಟ್ ತಿರುವಿನಲ್ಲಿ ಆ್ಯಕ್ಸಿಲರೇಟರ್ ವಾಪಸ್ ಬರದಿದ್ದರೆ ಜೀವಕ್ಕೇ ಕುತ್ತು. ಬಾನೆಟ್ ತೆರೆದು ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಲಿವರ್ ಸುತ್ತ ಬೆರಳು ಆಡಿಸಿ ನೋಡಲಿ.

ಹೋಸಿನ ಒಳವ್ಯಾಸ 16 ಮಿಮೀ, ಕ್ಲಿಪ್ 20–32 ಮಿಮೀ. ಅಳತೆಯನ್ನು ನೂಲು ಹಿಡಿದು ತೆಗೆದು, ಇಂಜಿನ್ ಅಲುಗಾಟಕ್ಕೆಂದು 25 ಮಿಮೀ ಹೆಚ್ಚು ಬಿಡಿ. ಬಿಗಿಯಾಗಿ ಎಳೆದ ಹೋಸ್ ರೇಸ್ ಕೊಟ್ಟಾಗ ಬಾಯಿಂದ ಜಾರುತ್ತದೆ. ಮೀಟರ್ ಲೆಕ್ಕದ ಹೋಸ್ ನೇರ ಹೋಸ್. ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಹತ್ತಿರ ಒತ್ತಾಗಿ ಬಗ್ಗಿಸಿದರೆ ಮಡಿಕೆ ಬಿದ್ದು ಹರಿವು ನಿಲ್ಲುತ್ತದೆ, ಅಲ್ಲಿ ಹಿತ್ತಾಳೆಯ ಎಲ್ಬೋ (ಬಾಗಿದ ಜಾಯಿಂಟ್) ಹಾಕಿ. ಹೋಸ್ ಎಕ್ಸಾಸ್ಟ್‌ನಿಂದ ದೂರವಿರಲಿ, ಪೆಟ್ರೋಲ್ ಪೈಪಿನ ಅಡಿಯಲ್ಲೂ ಹಾಯಬಾರದು. ಜಾಯಿಂಟ್‌ಗೆ ಗ್ರೀಸ್, ಆಯಿಲ್ ಹಚ್ಚುವ ಅಭ್ಯಾಸ ಬಿಡಿ, ಇಪಿಡಿಎಂಗೆ ಎರಡೂ ವಿಷ. ಸ್ವಲ್ಪ ಕೂಲಂಟ್ ಸವರಿದರೆ ಸಾಕು. ಕ್ಲಿಪ್ ಪೈಪಿನ ಉಬ್ಬಿನ ಹಿಂದೆ ಕೂರಬೇಕು, ಉಬ್ಬಿನ ಮೇಲಲ್ಲ.

ಚೋಕ್ (ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಪೆಟ್ರೋಲ್ ಪಾಲು ಹೆಚ್ಚಿಸುವ ಸಾಧನ) ವಿಷಯದಲ್ಲಿ ಗೊಂದಲ ಜಾಸ್ತಿ. ನಿಮ್ಮ ವೆಬರ್ ಡಿಜಿಎವಿ ಮಾದರಿ ಆದರೆ ನೀರಿನ ಚೋಕ್, ಅದಕ್ಕೆ ಕೂಲಂಟ್ ಲೈನ್ ಬೇಕು. ಡಿಜಿಇವಿ ಮಾದರಿ ಆದರೆ ಕರೆಂಟ್ ಚೋಕ್, ಅದಕ್ಕೆ ಬೇಡ. ಆಗ ಹಳೇ ಕಾರ್ಬುರೇಟರ್‌ಗೆ ಕೂಲಂಟ್ ಒಯ್ಯುತ್ತಿದ್ದ ಸಣ್ಣ ಪೈಪುಗಳೇನಾದರೂ ಉಳಿದಿದ್ದರೆ ರಬ್ಬರ್ ಟೋಪಿ ಹಾಕಿ ಮುಚ್ಚಬೇಡಿ, ಬಿಸಿಗೆ ಆ ಟೋಪಿ ಬಿರಿಯುತ್ತದೆ. ಎರಡನ್ನೂ ಹಿತ್ತಾಳೆಯ ಜಾಯಿನರ್ ಹಾಕಿ ಒಂದಕ್ಕೊಂದು ಸೇರಿಸಿ.

"ಪುಣೆಯಲ್ಲಿ ಹೀಟರ್ ಯಾರಿಗ್ರೀ ಬೇಕು, ಕಟ್ ಮಾಡಿಬಿಡಿ" ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಒಪ್ಪಬೇಡಿ. ಏಸಿ ಇಲ್ಲದ ಜಿಪ್ಸಿಯಲ್ಲಿ ಜುಲೈ ತಿಂಗಳ ಅಂಬೋಲಿ ಘಾಟ್ ಮಂಜಿನೊಳಗೆ ಮುಂದಿನ ಗಾಜು ಒರೆಸುವುದು ಹೀಟರ್ ಗಾಳಿಯೇ. ಬೆಳಗಾವಿ, ಹುಬ್ಬಳ್ಳಿ ಕಡೆ ಊರಿಗೆ ಹೊರಟು ಖಂಬಾಟ್ಕಿ ಘಾಟ್ ಏರುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋದರೆ ಹೀಟರ್ ಫುಲ್ ಮಾಡಿ ಇಂಜಿನ್ ತಣಿಸುವ ದಾರಿಯೂ ಅದೇ.

ಹೊಸ ಲೈನಿನ ಯಾವ ಭಾಗವೂ ರೇಡಿಯೇಟರ್ ಮುಚ್ಚಳಕ್ಕಿಂತ ಎತ್ತರದಲ್ಲಿ ಕಮಾನು ಕಟ್ಟಬಾರದು, ಗಾಳಿ ಅಲ್ಲೇ ನಿಲ್ಲುತ್ತದೆ. ಗಾಳಿ ನಿಂತರೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು, ಹೀಟರ್‌ನಿಂದ ತಣ್ಣನೆ ಗಾಳಿ, ಮುಳ್ಳಿನ ಕುಣಿತ. ತುಂಬುವಾಗ ಗಾಡಿಯ ಮೂತಿ ಏರುಮುಖವಾಗಿರಲಿ, ಹೀಟರ್ ಪೂರ್ತಿ ಬಿಸಿಯ ಕಡೆ ಇರಲಿ. ಕೂಲಂಟ್ ಅರ್ಧ, ಡಿಮಿನರಲೈಸ್ಡ್ ನೀರು ಅರ್ಧ. ಬೋರ್‌ವೆಲ್ ನೀರು ಬೇಡ. ಮುಚ್ಚಳ ತೆರೆದೇ ಐಡಲ್‌ನಲ್ಲಿ ಓಡಿಸಿ, ಥರ್ಮೋಸ್ಟಾಟ್ (ಇಂಜಿನ್ ಕಾದಾಗ ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ತೆರೆದು ಗುಳ್ಳೆ ನಿಂತ ಮೇಲೆ ಭರ್ತಿ ಮಾಡಿ ಮುಚ್ಚಿ. ಇಂಜಿನ್ ಒಮ್ಮೆ ಕಾದು ಪೂರ್ತಿ ತಣ್ಣಗಾದ ಮೇಲೆ ಕ್ಲಿಪ್‌ಗಳನ್ನೆಲ್ಲ ಇನ್ನೊಮ್ಮೆ ಬಿಗಿಯಿರಿ. ಹೊಸ ಇಪಿಡಿಎಂ ಮೊದಲ ಬಿಸಿಗೇ ಸ್ವಲ್ಪ ಅಮುಕಿ ಕೂತು ಕ್ಲಿಪ್ ಸಡಿಲಾಗುತ್ತದೆ.