ಯಾಕುಲ್ಟ್: ಹದಿನೈದು ದಿನ ಕುಡಿದು ನೋಡಿದೆ

ಹೋದ ತಿಂಗಳು ದವಡೆ ಹಲ್ಲು ಬಾತು ಐದು ದಿನ ಆಂಟಿಬಯೋಟಿಕ್ ನುಂಗಿದೆ. ಹಲ್ಲುನೋವು ಹೋಯಿತು, ಹೊಟ್ಟೆ ಕೆಟ್ಟಿತು. ಬರೀ ಅನ್ನ-ತಿಳಿಸಾರು ಉಂಡರೂ ಗುಡುಗುಡು ಸದ್ದು. ಈ ಮಾತ್ರೆಗೆ ಕೀವಿನ ಬ್ಯಾಕ್ಟೀರಿಯಾ ಜೊತೆ ಕರುಳಿನ ಒಳ್ಳೆಯವೂ ಸಾಯುತ್ತವೆ ಎಂದರು ಡಾಕ್ಟರು. ಮಗಳು ಯಾಕುಲ್ಟ್ ತಂದಳು, ಒಳ್ಳೆಯ ಬ್ಯಾಕ್ಟೀರಿಯಾ ಇರುವ, ಹುಳಿಸಿದ ಹಾಲಿನ ಪಾನೀಯ. ಪ್ಯಾಕಿಗೆ ಐದು ಬಾಟಲಿ, ದಿನಕ್ಕೊಂದರಂತೆ ಮೂರು ಪ್ಯಾಕ್ ಮುಗಿಸಿದೆ.

ಅಂಗೈಯಲ್ಲಿ ಅಡಗುವಷ್ಟು ಬಾಟಲಿ, ಮೇಲೆ ಕೆಂಪು ಹಾಳೆಯ ಮುಚ್ಚಳ. 65 ಎಂಎಲ್, ಮೂರೇ ಗುಟುಕು. ತೆಳು ಮಜ್ಜಿಗೆಗೆ ಸಕ್ಕರೆ ಹಾಕಿ ನಿಂಬೆ ಹಿಂಡಿದಂತಹ ರುಚಿ. ಅದರಲ್ಲಿ 650 ಕೋಟಿಗೂ ಹೆಚ್ಚು ಜೀವಂತ ಬ್ಯಾಕ್ಟೀರಿಯಾ ಇರುತ್ತವಂತೆ! ಜಪಾನಿನ ಮಿನೋರು ಶಿರೋಟಾ 1930ರಲ್ಲಿ ಬೆಳೆಸಿದ ತಳಿ ಅದು. ಹೊಟ್ಟೆಯ ಆಮ್ಲ ದಾಟಿ ಕರುಳಿನವರೆಗೂ ಬದುಕಿ ಹೋಗುತ್ತದೆ.

ನಾಲ್ಕನೇ ದಿನದಿಂದ ಹೊಟ್ಟೆ ಹಗುರಾಯಿತು. ಎಲ್ಲಾ ಇದರಿಂದಲೇ ಎನ್ನಲಾರೆ, ಮಾತ್ರೆಯೂ ನಿಂತಿತ್ತಲ್ವಾ. ಆದರೆ ವಾರ ಕಳೆಯುವಷ್ಟರಲ್ಲಿ ಬೆಳಿಗ್ಗೆಯ ಕೆಲಸ ಸಲೀಸಾಗಿ ಆಗತೊಡಗಿತು. ನನ್ನ ವಯಸ್ಸಿಗೆ ಅದು ದೊಡ್ಡ ಸುಖ.

ಕೊಳ್ಳುವಾಗ ಒಂದು ನೋಡಿಕೊಳ್ಳಿ. ನಮ್ಮ ಬೀದಿಯ ಒಂದು ಅಂಗಡಿಯಲ್ಲಿ ಬಾಟಲಿಗಳನ್ನು ಬಿಸ್ಕತ್ತಿನ ಪಕ್ಕ, ಬಿಸಿಲು ಬೀಳುವ ಕಡೆ ಇಟ್ಟಿದ್ದರು. ಮುಟ್ಟಿದರೆ ಬೆಚ್ಚಗಿತ್ತು, ವಾಪಸ್ ಕೊಟ್ಟು ಬಂದೆ. ಒಳಗಿರುವುದು ಜೀವ, ಫ್ರಿಜ್ಜಿನಲ್ಲೇ ಇರಬೇಕು. ಸಕ್ಕರೆಯೂ ಇದೆ, ಹಾಗಾಗಿ ಶುಗರ್ ಇರುವವರು ಡಾಕ್ಟರನ್ನು ಕೇಳಿ ಕುಡಿಯಿರಿ.

ಇನ್ನೊಂದು ಮಾತು ಹೇಳಲೇಬೇಕು. ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ಖಾಯಂ ಮನೆ ಮಾಡುವುದಿಲ್ಲ, ಕುಡಿಯುವುದು ಬಿಟ್ಟರೆ ಕೆಲವೇ ದಿನಗಳಲ್ಲಿ ಹೊರಟುಹೋಗುತ್ತವೆ. ಖಾಯಮ್ಮಾಗಿ ಇರುವವು ನಮ್ಮದೇ ದೊಡ್ಡ ಕರುಳಿನವು. ಸೊಪ್ಪು, ಹುರುಳಿಕಾಳು, ರಾಗಿಯ ನಾರನ್ನು ನಮ್ಮ ಜೀರ್ಣರಸ ಒಡೆಯಲಾರದು. ಅದು ಹಾಗೇ ಕೆಳಗಿಳಿದಾಗ ಆ ಖಾಯಂ ಬ್ಯಾಕ್ಟೀರಿಯಾ ಹುಳಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಮುಖ್ಯ ಆಹಾರವೇ ಅದು. ದಿನಾ ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಅರ್ಧ ಚಮಚ ಮೊಸರು ಬಿಟ್ಟು ಕಲಕುವಾಗ ಇದೇ ನೆನಪಾಗುತ್ತದೆ. ಹೆಪ್ಪು ಎಷ್ಟೇ ಚೆನ್ನಾಗಿದ್ದರೂ ಪಾತ್ರೆಯಲ್ಲಿ ಹಾಲು ಇರಬೇಕಲ್ಲ? ಸುಮ್ನೆ ಮೈದಾ ಬ್ರೆಡ್ ತಿಂದು ಮೇಲೊಂದು ಬಾಟಲಿ ಕುಡಿದರೆ ಪಾಪ, ಅವು ಏನು ತಿನ್ನಬೇಕು?

ನಾಲ್ಕನೇ ಪ್ಯಾಕ್ ತರಿಸಲಿಲ್ಲ. ವಾರಕ್ಕೆರಡು ಸಲ ಹುರುಳಿ ಬಸ್ಸಾರು, ದಿನಾ ಮಧ್ಯಾಹ್ನ ಮನೆ ಮೊಸರು ನಡೆಯುತ್ತಿದೆ. ಮತ್ತೆ ಆಂಟಿಬಯೋಟಿಕ್ ನುಂಗುವ ಗತಿ ಬಂದರೆ ಯಾಕುಲ್ಟ್ ಖಂಡಿತ ತರಿಸುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್.